ಪಿಕಪ್ ಇದ್ದರೆ ಗಿಟಾರಿನ ನಾದ ಚೆನ್ನಾಗಿರುತ್ತದೆಯೇ? ಕ್ಲಾಸಿಕಲ್ ಗಿಟಾರ್ ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮಗಳಿಗೆ ಗಿಟಾರ್ ಕಲಿಯುವ ಆಸೆ. ಟೀಚರ್ ‘ಕ್ಲಾಸಿಕಲ್ ಗಿಟಾರ್ ತನ್ನಿ’ ಎಂದಿದ್ದಾರೆ. ವಿಷಯ ವಾಟ್ಸಾಪ್ ಗುಂಪಿಗೆ ಬಿದ್ದರೆ ಸಲಹೆಗಳಿಗೇನು ಬರ? ‘ಪಿಕಪ್ ಇರೋದನ್ನೇ ತಗೊಳ್ಳಿ, ಸೌಂಡ್ ಚೆನ್ನಾಗಿರುತ್ತೆ.’ ‘ಯಾವುದಾದರೇನು, ಆಮೇಲೆ ಸ್ಟೀಲ್ ತಂತಿ ಹಾಕಿಸಿದರಾಯ್ತು.’ ‘ಪಿಕಪ್ ಇದ್ದರೆ ಮನೆಯಲ್ಲೇ ಸ್ಟುಡಿಯೋ ತರಹ ರೆಕಾರ್ಡ್ ಮಾಡಬಹುದು.’

ಇವುಗಳಲ್ಲಿ ಒಂದು ಮಾತು ಅರ್ಧ ಸತ್ಯವೂ ಅಲ್ಲ, ಒಂದು ನಿಮ್ಮ ಗಿಟಾರನ್ನೇ ಮುರಿಯಬಹುದು, ಇನ್ನೊಂದು ನಿಮ್ಮಿಂದ ಬೇಡದ ಖರ್ಚು ಮಾಡಿಸುತ್ತದೆ. ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಪಿಕಪ್ ನಾದವನ್ನು ಹುಟ್ಟಿಸುವುದಿಲ್ಲ, ಹುಟ್ಟಿದ್ದನ್ನು ಸ್ಪೀಕರಿಗೆ ಸಾಗಿಸುತ್ತದೆ ಅಷ್ಟೇ. ಕೇಬಲ್ ಸಿಕ್ಕಿಸದೆ ನುಡಿಸಿದಾಗ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದ್ದರಿಂದ ಮೊದಲು ಒಳ್ಳೆಯ ಗಿಟಾರ್ ಆರಿಸಿ. ವೇದಿಕೆಯ ಮೇಲೆ ನುಡಿಸುವ ಅಗತ್ಯ ನಿಜವಾಗಿಯೂ ಇದ್ದರೆ ಮಾತ್ರ ಪಿಕಪ್ ಬಗ್ಗೆ ಯೋಚಿಸಿ.

ಮೊದಲು ಹೆಸರುಗಳ ಗೊಂದಲ

ನಮ್ಮ ಅಂಗಡಿಗಳಲ್ಲಿ ‘ಅಕೌಸ್ಟಿಕ್ ಗಿಟಾರ್’ ಎಂದರೆ ಸಾಮಾನ್ಯವಾಗಿ ಸ್ಟೀಲ್ ತಂತಿಯದು. ‘ಕ್ಲಾಸಿಕಲ್’ ಎಂದರೆ ನೈಲಾನ್ ತಂತಿಯದು. ಪಿಕಪ್ ಕೂರಿಸಿದ ಗಿಟಾರನ್ನು ‘ಎಲೆಕ್ಟ್ರೋ ಅಕೌಸ್ಟಿಕ್’ ಅಥವಾ ‘ಎಲೆಕ್ಟ್ರೋ ಕ್ಲಾಸಿಕಲ್’ ಎನ್ನಬೇಕು. ಆದರೆ ಹಲವರು ಅದನ್ನು ‘ಸೆಮಿ ಅಕೌಸ್ಟಿಕ್’ ಎಂದುಬಿಡುತ್ತಾರೆ. ಆ ಹೆಸರು ನಿಜಕ್ಕೂ ಸಲ್ಲುವುದು ಒಳಗೆ ಟೊಳ್ಳಿರುವ ಎಲೆಕ್ಟ್ರಿಕ್ ಗಿಟಾರಿಗೆ. ಆನ್‌ಲೈನಿನಲ್ಲಿ ಹೆಸರು ನೋಡಿ ಆರ್ಡರ್ ಮಾಡಿದವರಿಗೆ ಬೇರೆಯದೇ ವಾದ್ಯ ಬಂದು ಕೂರುವುದು ಹೀಗೆಯೇ.

ಕ್ಲಾಸಿಕಲ್ ಗಿಟಾರನ್ನು ಗುರುತಿಸುವುದು ಸುಲಭ. ಆರು ತಂತಿಗಳಲ್ಲಿ ಕೆಳಗಿನ ಮೂರು ನುಣುಪಾದ ನೈಲಾನ್ ಎಳೆಗಳು. ಮೇಲಿನ ಮೂರು ಸಣ್ಣ ನೈಲಾನ್ ಎಳೆಗಳ ಮೇಲೆ ಬೆಳ್ಳಿ ಲೇಪದ ತಾಮ್ರದ ತಂತಿ ಸುತ್ತಿದವು. ತಲೆಯ ಭಾಗದಲ್ಲಿ ಉದ್ದಕ್ಕೆ ಎರಡು ಸೀಳುಗಳಿರುತ್ತವೆ. ದಂಡಿ ಅಗಲ. ದಂಡಿ ಒಡಲನ್ನು ಸೇರುವುದು 12ನೇ ಫ್ರೆಟ್ ಬಳಿ.

ಫ್ರಿಜ್ ಮೇಲಿನ ಅಯಸ್ಕಾಂತದಿಂದ ಒಂದು ಪರೀಕ್ಷೆ

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಅದರ ಮುಂದೆ ಅದುರಿದಾಗ ಕಾಂತಕ್ಷೇತ್ರ ಏರಿಳಿಯುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದು.

ಈಗ ಫ್ರಿಜ್ ಬಾಗಿಲಿನ ಅಯಸ್ಕಾಂತವನ್ನು ತಂದು ಕ್ಲಾಸಿಕಲ್ ಗಿಟಾರಿನ ತಂತಿಗೆ ಹಿಡಿಯಿರಿ. ಅದು ಅಂಟುವುದಿಲ್ಲ. ನೈಲಾನನ್ನಾಗಲಿ ತಾಮ್ರವನ್ನಾಗಲಿ ಬೆಳ್ಳಿಯನ್ನಾಗಲಿ ಅಯಸ್ಕಾಂತ ಸೆಳೆಯುವುದಿಲ್ಲ. ಹಾಗಾಗಿ ನಾದರಂಧ್ರಕ್ಕೆ ಅಡ್ಡಲಾಗಿ ಸಿಕ್ಕಿಸುವ ಅಗ್ಗದ ಅಯಸ್ಕಾಂತ ಪಿಕಪ್ ಕೊಂಡು ತಂದು ನೈಲಾನ್ ಗಿಟಾರಿಗೆ ಹಾಕಿದರೆ ಸ್ಪೀಕರಿನಲ್ಲಿ ತಂತಿಯ ಸದ್ದು ಕೇಳಿಸದು. ‘ಯಾವ ಪಿಕಪ್ ಆದರೂ ಯಾವ ಗಿಟಾರಿಗಾದರೂ ಆಗುತ್ತದೆ’ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು.

ಗ್ಯಾಸ್ ಲೈಟರಿನ ವಿಜ್ಞಾನವೇ ಇಲ್ಲೂ

ಹಾಗಾದರೆ ಕ್ಲಾಸಿಕಲ್ ಗಿಟಾರಿನ ಪಿಕಪ್ ಕೆಲಸ ಮಾಡುವುದು ಹೇಗೆ? ಉತ್ತರ ನಿಮ್ಮ ಅಡುಗೆಮನೆಯಲ್ಲಿದೆ. ಗ್ಯಾಸ್ ಲೈಟರನ್ನು ಒತ್ತಿದಾಗ ‘ಟಕ್’ ಎಂದು ಒಳಗಿನ ಪುಟ್ಟ ಸುತ್ತಿಗೆ ಒಂದು ಸೆರಾಮಿಕ್ ತುಂಡಿಗೆ ಬಡಿಯುತ್ತದೆ, ಕಿಡಿ ಹಾರುತ್ತದೆ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಫ್ರಾನ್ಸಿನ ಸೋದರರಾದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ತೋರಿಸಿಕೊಟ್ಟರು. ಇದಕ್ಕೆ ಪೀಜೋ ವಿದ್ಯುತ್ ಎಂದು ಹೆಸರು.

ಗಿಟಾರಿನಲ್ಲಿ ತಂತಿಗಳು ಒರಗುವ ಬಿಳಿ ಪಟ್ಟಿಯನ್ನು ಸ್ಯಾಡಲ್ ಎನ್ನುತ್ತಾರೆ. ಅದನ್ನು ಹಿಡಿದಿರುವ ಮರದ ತುಂಡು ಬ್ರಿಜ್, ನಮ್ಮ ವೀಣೆಯಲ್ಲಿ ಅದನ್ನೇ ಕುದುರೆ ಎನ್ನುತ್ತೇವೆ. ಸ್ಯಾಡಲಿನ ಅಡಿಯಲ್ಲಿ ತೆಳ್ಳನೆಯ ಪೀಜೋ ಪಟ್ಟಿಯನ್ನು ಇಟ್ಟಿರುತ್ತಾರೆ. ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 82 ಬಾರಿ ಅದುರುತ್ತದೆ. ಪಟ್ಟಿಯ ಮೇಲಿನ ಒತ್ತಡವೂ ಅದೇ ಲಯದಲ್ಲಿ ಏರಿಳಿಯುತ್ತದೆ, ಆ ಏರಿಳಿತ ವಿದ್ಯುತ್ ಸಂಕೇತವಾಗುತ್ತದೆ. ಕಛೇರಿಯಲ್ಲಿ ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ನೋಡಿದ್ದೀರಲ್ಲ? ಅವುಗಳಲ್ಲೂ ಬಹಳಷ್ಟು ಇದೇ ತತ್ವದವು.

ಲೈಟರಿನಲ್ಲಿ ಸುತ್ತಿಗೆಯ ಪೆಟ್ಟು, ಇಲ್ಲಿ ಬೆರಳಿನ ಮೀಟು. ಹುಟ್ಟುವ ಸಂಕೇತ ಬಲು ನವಿರು. ಅದನ್ನು ನೇರವಾಗಿ ಮಿಕ್ಸರಿನ ಮೈಕ್ ಇನ್‌ಪುಟ್ಟಿಗೆ ಕೊಟ್ಟರೆ ಮಂದ್ರ ಸ್ವರಗಳು ಕಳೆದುಹೋಗಿ ದನಿ ತಗಡಿನಂತಾಗುತ್ತದೆ. ಅದಕ್ಕೇ ಗಿಟಾರಿನ ಪಕ್ಕೆಯಲ್ಲಿ ಗುಂಡಿಗಳಿರುವ ಕಪ್ಪು ಪೆಟ್ಟಿಗೆ ಇರುತ್ತದೆ. ಅದು ಪ್ರೀಆಂಪ್. ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿಯಿಂದ ಓಡುತ್ತದೆ.

ನಂಬಿಕೆ 1: ‘ಪಿಕಪ್ ಇದ್ದರೆ ಸೌಂಡ್ ಚೆನ್ನಾಗಿರುತ್ತೆ’

ಇದು ತಪ್ಪು. ಗಿಟಾರಿನ ನಾದದ ಬಹುಪಾಲು ಬರುವುದು ಮುಂಭಾಗದ ಹಲಗೆಯಿಂದ. ತಂತಿ ತಾನಾಗಿ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಬ್ರಿಜ್ ಮೂಲಕ ಹಲಗೆಯನ್ನು ಅದುರಿಸುತ್ತದೆ, ಹಲಗೆ ಗಾಳಿಯನ್ನು ಅದುರಿಸುತ್ತದೆ. ಇಂದಿನ ಕ್ಲಾಸಿಕಲ್ ಗಿಟಾರಿನ ಆಕಾರ, ಅಳತೆಗಳಿಗೆ ನೆಲೆ ಒದಗಿಸಿದವರು ಸ್ಪೇನಿನ ಆಂಟೋನಿಯೋ ಡಿ ಟೋರೆಸ್ (1817–1892). ಹಲಗೆಯೇ ಮುಖ್ಯ ಎಂದು ತೋರಿಸಲು ಅವರು 1862ರಲ್ಲಿ ಹಿಂಬದಿ ಮತ್ತು ಪಕ್ಕೆಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮುಂದಿನ ಹಲಗೆಯನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿದ ಗಿಟಾರ್ ಕಟ್ಟಿದರು. ಅದು ಇಂದಿಗೂ ಬಾರ್ಸಿಲೋನಾದ ಸಂಗೀತ ಸಂಗ್ರಹಾಲಯದಲ್ಲಿದೆ.

ಈಗ ನಿಮ್ಮ ಜೇಬಿನ ಲೆಕ್ಕಕ್ಕೆ ಬನ್ನಿ. ನಿಮ್ಮಲ್ಲಿರುವುದು ಒಂದೇ ಮೊತ್ತ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಪಾಲು ಪಿಕಪ್, ಪ್ರೀಆಂಪ್, ಟ್ಯೂನರ್‌ಗಳಿಗೆ ಹೋದರೆ ಹಲಗೆಗೆ ಉಳಿಯುವುದು ಕಡಿಮೆ. ಅದೇ ದುಡ್ಡಿಗೆ ಪಿಕಪ್ ಇಲ್ಲದ, ಮರ ಚೆನ್ನಾಗಿರುವ ಗಿಟಾರ್ ಸಿಗಬಹುದು. ಒಂದೇ ಗಿಟಾರನ್ನು ಎರಡು ರೂಪದಲ್ಲಿ ಮಾರುವ ಕಂಪನಿಗಳೂ ಇವೆ. ಯಮಹಾದ ಸಿ40 ಮತ್ತು ಅದಕ್ಕೇ ಪಿಕಪ್ ಸೇರಿಸಿದ ಸಿಎಕ್ಸ್40 ಇದಕ್ಕೆ ಉದಾಹರಣೆ. ಅಂಥ ಜೋಡಿಯ ಬೆಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಪಿಕಪ್‌ಗೆ ನೀವು ಕೊಡುತ್ತಿರುವುದು ಎಷ್ಟೆಂದು ತಿಳಿಯುತ್ತದೆ.

ನಂಬಿಕೆ 2: ‘ಆಮೇಲೆ ಸ್ಟೀಲ್ ತಂತಿ ಹಾಕಿಸಿದರಾಯ್ತು’

ಖಂಡಿತ ಬೇಡ. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಶ್ರುತಿ ಮಾಡಿದ ಆರು ನೈಲಾನ್ ತಂತಿಗಳು ಒಟ್ಟಾಗಿ ಎಳೆಯುವ ಬಲ ಸುಮಾರು 40 ಕೆ.ಜಿ. ತೂಕಕ್ಕೆ ಸಮ. ಸ್ಟೀಲ್ ತಂತಿಗಳಾದರೆ ಅದು 70 ಕೆ.ಜಿ. ಆಸುಪಾಸು ಇಲ್ಲವೇ ಅದಕ್ಕೂ ಹೆಚ್ಚು. ಸ್ಟೀಲ್ ತಂತಿಯ ಗಿಟಾರುಗಳ ದಂಡಿಯೊಳಗೆ ಬಾಗದಂತೆ ಉಕ್ಕಿನ ಸರಳು ಇರುತ್ತದೆ, ಹಲಗೆಯ ಅಡಿಯಲ್ಲಿ ಗಟ್ಟಿ ಪಟ್ಟಿಗಳಿರುತ್ತವೆ. ಬಹುಪಾಲು ಕ್ಲಾಸಿಕಲ್ ಗಿಟಾರುಗಳ ದಂಡಿಯಲ್ಲಿ ಸರಳಿಲ್ಲ, ಹಲಗೆಯೂ ತೆಳು. ಸ್ಟೀಲ್ ಹಾಕಿದರೆ ದಂಡಿ ಬಾಗಬಹುದು, ಹಲಗೆ ಉಬ್ಬಬಹುದು, ಬ್ರಿಜ್ ಕಿತ್ತುಬರಬಹುದು. ಒಂದು ದಿನದಲ್ಲಿ ಆಗದಿದ್ದರೆ ಒಂದು ತಿಂಗಳಲ್ಲಿ ಆದೀತು.

ನೈಲಾನ್ ಎಂದರೆ ಕಡಿಮೆ ದರ್ಜೆ ಎಂದೂ ತಿಳಿಯಬೇಡಿ. 1940ರ ದಶಕದವರೆಗೆ ಈ ಗಿಟಾರುಗಳಿಗೆ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿ ಹಾಕುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಕರುಳು ಗಾಯ ಹೊಲಿಯುವ ದಾರಕ್ಕೆ ಬೇಕಾಯಿತು, ತಂತಿಗೆ ಕೊರತೆ ಬಂತು. ಆಗ ನ್ಯೂಯಾರ್ಕಿನ ವಾದ್ಯ ತಯಾರಕ ಆಲ್ಬರ್ಟ್ ಆಗಸ್ಟೀನ್ ನೈಲಾನ್ ಎಳೆಗಳಿಂದ ತಂತಿ ಮಾಡಿದರು. ಸ್ಪೇನಿನ ಮಹಾನ್ ವಾದಕ ಆಂಡ್ರೆಸ್ ಸೆಗೋವಿಯಾ ಅದನ್ನು ಒಪ್ಪಿ ನುಡಿಸಿದರು.

ನಂಬಿಕೆ 3: ‘ಪಿಕಪ್ ಇದ್ದರೆ ಸ್ಟುಡಿಯೋ ತರಹ ರೆಕಾರ್ಡಿಂಗ್’

ಬಹುತೇಕ ಸಂದರ್ಭಗಳಲ್ಲಿ ಇದು ತಲೆಕೆಳಗಾದ ಮಾತು. ನಾವು ಕಿವಿಯಿಂದ ಕೇಳುವುದು ಮರ ಮತ್ತು ಗಾಳಿಯಲ್ಲಿ ಬೆರೆತ ನಾದವನ್ನು. ಪೀಜೋ ಪಟ್ಟಿ ಹಿಡಿಯುವುದು ಸ್ಯಾಡಲಿನ ಕೆಳಗಿನ ಒತ್ತಡವನ್ನು. ಅದಕ್ಕೇ ಜೋರಾಗಿ ಮೀಟಿದಾಗ ಸ್ಪೀಕರಿನಲ್ಲಿ ಬಾತುಕೋಳಿ ಕೂಗಿದಂತೆ ‘ಕ್ವಾಕ್’ ಎನ್ನುವ ಒಣ ದನಿ ಬರುವುದುಂಟು. ಸ್ಟುಡಿಯೋಗಳಲ್ಲಿ ಕ್ಲಾಸಿಕಲ್ ಗಿಟಾರನ್ನು ಸಾಮಾನ್ಯವಾಗಿ ಎದುರಿಗೆ ಮೈಕ್ ಇಟ್ಟೇ ರೆಕಾರ್ಡ್ ಮಾಡುತ್ತಾರೆ.

ಮನೆಯಲ್ಲಿ ವಿಡಿಯೋ ಮಾಡುವುದೇ ಉದ್ದೇಶವಾದರೆ ಫ್ಯಾನ್ ಆರಿಸಿ, ಪರದೆ ಇಳಿಬಿಟ್ಟ ಕೋಣೆಯಲ್ಲಿ ಕೂತು, ಮೈಕನ್ನು ದಂಡಿ ಒಡಲನ್ನು ಸೇರುವ ಜಾಗಕ್ಕೆ ಮುಖಮಾಡಿ ಒಂದು ಅಡಿ ದೂರದಲ್ಲಿಡಿ. ಮೈಕನ್ನು ನಾದರಂಧ್ರದ ನೇರಕ್ಕೆ ಇಟ್ಟರೆ ‘ಗುಂ’ ಎನ್ನುವ ಸದ್ದು ಹೆಚ್ಚಾಗುತ್ತದೆ. ಸಾಧಾರಣ ಮೈಕಿನಲ್ಲೂ ನೇರ ಪಿಕಪ್‌ಗಿಂತ ಸಹಜವಾದ ದನಿ ಸಿಗುವುದುಂಟು.

ಹಾಗಾದರೆ ಪಿಕಪ್ ಬೇಕಾಗುವುದು ಯಾರಿಗೆ?

ಪಿಕಪ್ ವ್ಯರ್ಥ ಎಂದಲ್ಲ. ಹಾಡುವವರು, ಕೀಬೋರ್ಡ್, ಡ್ರಮ್ಸ್ ಜೊತೆಗಿರುವಾಗ ನೈಲಾನ್ ತಂತಿಯ ಮೆಲುದನಿ ಕೇಳಿಸುವುದೇ ಇಲ್ಲ. ಅಲ್ಲಿ ಮೈಕ್ ಇಟ್ಟರೆ ಅದು ಡ್ರಮ್ಸ್ ಸದ್ದನ್ನೂ ಹಿಡಿಯುತ್ತದೆ, ವಾದಕರು ಅಲುಗಾಡುವಂತಿಲ್ಲ. ಚರ್ಚಿನ ಗಾಯನ ವೃಂದ, ಕಾಲೇಜಿನ ಬ್ಯಾಂಡ್, ಮದುವೆ ಆರತಕ್ಷತೆಯ ವೇದಿಕೆ ಇಂಥ ಕಡೆ ಪಿಕಪ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ಆದರೆ ಅಲ್ಲೂ ಒಂದು ತೊಡಕಿದೆ. ಸ್ಪೀಕರಿನ ಸದ್ದು ಗಿಟಾರಿನ ಹಲಗೆಯನ್ನು ಅದುರಿಸುತ್ತದೆ, ಪಿಕಪ್ ಅದನ್ನು ಮತ್ತೆ ಸ್ಪೀಕರಿಗೆ ಕಳಿಸುತ್ತದೆ, ಸುತ್ತು ಮುಂದುವರಿದು ‘ಗುಂಯ್’ ಎಂದು ಊಳಿಡುತ್ತದೆ. ಇದೇ ಫೀಡ್‌ಬ್ಯಾಕ್. ಗಿಟಾರಿನ ಒಳಗಿನ ಗಾಳಿ ಸೆಕೆಂಡಿಗೆ ಸುಮಾರು 100 ಕಂಪನಗಳ ಆಸುಪಾಸಿನಲ್ಲಿ ತಾನಾಗಿ ಅನುರಣಿಸುವುದರಿಂದ ಮಂದ್ರ ಸ್ವರಗಳಲ್ಲೇ ಈ ಕಾಟ ಹೆಚ್ಚು. ಸ್ಪೀಕರಿನ ಎದುರು ಕೂರದಿರುವುದು, ಪ್ರೀಆಂಪಿನಲ್ಲಿ ಬಾಸ್ ಸ್ವಲ್ಪ ಇಳಿಸುವುದು, ನಾದರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕುವುದು ಇದಕ್ಕೆ ಪರಿಹಾರಗಳು. ಜೋರು ಸದ್ದಿನ ವೇದಿಕೆಯಲ್ಲೇ ಹೆಚ್ಚು ನುಡಿಸುವವರಿಗೆಂದು ತೆಳು ಒಡಲಿನ, ಇಲ್ಲವೇ ಒಳಗೆ ಬಹುಪಾಲು ಗಟ್ಟಿಯಾಗಿರುವ ನೈಲಾನ್ ಗಿಟಾರುಗಳಿವೆ. ಅವುಗಳಲ್ಲಿ ಫೀಡ್‌ಬ್ಯಾಕ್ ಕಡಿಮೆ. ಬದಲಿಗೆ ಕೇಬಲ್ ತೆಗೆದರೆ ನಾದವೂ ಕಡಿಮೆ. ಮನೆಯಲ್ಲಿ ಕಲಿಯುವ ಮಗುವಿಗೆ ಅದು ಸರಿಯಾದ ಆಯ್ಕೆಯಲ್ಲ.

ಅಂಗಡಿಯಲ್ಲಿ ಹತ್ತು ನಿಮಿಷದ ಪರೀಕ್ಷೆ

ಮೊದಲ ಐದು ನಿಮಿಷ ಕೇಬಲ್ ಮುಟ್ಟಬೇಡಿ.

1. ಅಳತೆ: ದೊಡ್ಡವರ ಕ್ಲಾಸಿಕಲ್ ಗಿಟಾರಿನಲ್ಲಿ ತಂತಿಯ ಅದುರುವ ಭಾಗದ ಉದ್ದ ಸಾಮಾನ್ಯವಾಗಿ 65 ಸೆಂ.ಮೀ. ಸುಮಾರು 8ರಿಂದ 11 ವರ್ಷದ ಮಕ್ಕಳಿಗೆ ಮುಕ್ಕಾಲು ಅಳತೆಯದು, ಅಂದರೆ 58 ಸೆಂ.ಮೀ. ಆಸುಪಾಸಿನದು ಹೊಂದಬಹುದು. ವಯಸ್ಸಿಗಿಂತ ಕೈ ಮುಖ್ಯ. ಮಗುವನ್ನು ಜೊತೆಗೆ ಕರೆದೊಯ್ಯಿರಿ, ‘ಬೆಳೆದ ಮೇಲೂ ಆಗಲಿ’ ಎಂದು ದೊಡ್ಡದನ್ನು ತರಬೇಡಿ.

2. ದಂಡಿಯ ಅಗಲ: ತಲೆಯ ಬಳಿ ತಂತಿಗಳು ಹಾಯುವ ಪಟ್ಟಿಯ ಅಗಲ ಕ್ಲಾಸಿಕಲ್ಲಿನಲ್ಲಿ 52 ಮಿ.ಮೀ. ಸುಮಾರು. ಪಿಕಪ್ ಇರುವ ಕೆಲವು ಮಾದರಿಗಳಲ್ಲಿ ಇದು 48 ಮಿ.ಮೀ.ಗೆ ಇಳಿದಿರುತ್ತದೆ. ಸ್ಟೀಲ್ ಗಿಟಾರಿನಿಂದ ಬಂದವರಿಗೆ ಅದು ಹಿತ. ಕ್ಲಾಸಿಕಲ್ ಪಾಠ ಕಲಿಯುವವರು ಟೀಚರನ್ನು ಕೇಳಿಯೇ ಕೊಳ್ಳಬೇಕು.

3. ತಂತಿಯ ಎತ್ತರ: 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಸುಮಾರು 4 ಮಿ.ಮೀ., ಸಣ್ಣ ತಂತಿ ಸುಮಾರು 3 ಮಿ.ಮೀ. ಎತ್ತರದಲ್ಲಿರಬೇಕು. ಹೆಚ್ಚಾದರೆ ಬೆರಳು ನೋಯುತ್ತದೆ. ಕಡಿಮೆಯಾದರೆ ತಂತಿ ಫ್ರೆಟ್ಟಿಗೆ ತಾಗಿ ಗರಗರ ಎನ್ನುತ್ತದೆ. ಮಕ್ಕಳು ಗಿಟಾರ್ ಬಿಟ್ಟುಬಿಡಲು ಸೋಮಾರಿತನವೇ ಕಾರಣವೆಂದು ಬೈಯುವ ಮುನ್ನ ಈ ಎತ್ತರ ಅಳೆದು ನೋಡಿ.

4. ಹಲಗೆ: ನಾದರಂಧ್ರದ ಅಂಚನ್ನು ನೋಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೆಯೇ ಇಳಿದು ಬಂದಿದ್ದರೆ ಅದು ಇಡೀ ಮರ. ಪದರ ಪದರವಾಗಿ ಕಂಡರೆ ಪ್ಲೈವುಡ್. ಸ್ಪ್ರೂಸ್ ಅಥವಾ ಸೀಡರ್ ಮರದ ಇಡೀ ಹಲಗೆ ನಾದಕ್ಕೆ ಒಳ್ಳೆಯದು. ಪ್ಲೈವುಡ್ ಅಗ್ಗ, ಹವಾಮಾನಕ್ಕೆ ಬೇಗ ಜಗ್ಗುವುದಿಲ್ಲ, ಮೊದಲ ಗಿಟಾರಿಗೆ ಅಡ್ಡಿಯಿಲ್ಲ.

5. ಹಿಂಬದಿಯ ಮರ: ‘ರೋಸ್‌ವುಡ್’ ಎಂದು ಬರೆದಿದ್ದರೆ ಅದು ತೆಳು ಪದರವೋ ಇಡೀ ಮರವೋ ಎಂದು ಕೇಳಿ. ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಮರ. ಬ್ರೆಜಿಲ್ ರೋಸ್‌ವುಡ್ಡಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ಕಡಿವಾಣ ಬಿದ್ದ ಮೇಲಂತೂ ಜಗತ್ತಿನ ಗಿಟಾರ್ ತಯಾರಕರು ಬೀಟೆಯನ್ನು ಇನ್ನಷ್ಟು ನೆಚ್ಚಿಕೊಂಡರು. ಆದರೂ ಟೋರೆಸ್ ಅವರ ರಟ್ಟಿನ ಗಿಟಾರ್ ಮರೆಯಬೇಡಿ, ಮುಂದಿನ ಹಲಗೆಯೇ ಮೊದಲು.

ಮುಂದಿನ ಐದು ನಿಮಿಷ ಕೇಬಲ್ ಸಿಕ್ಕಿಸಿ.

1. ಆರೂ ತಂತಿಗಳನ್ನು ಒಂದೇ ಬಲದಲ್ಲಿ ಒಂದೊಂದಾಗಿ ಮೀಟಿ. ಒಂದು ತಂತಿ ಮಾತ್ರ ಕುಗ್ಗಿದರೆ ಸ್ಯಾಡಲ್ ಪಿಕಪ್ ಮೇಲೆ ಸಮವಾಗಿ ಕೂತಿಲ್ಲದಿರಬಹುದು.

2. ಗುಂಡಿಗಳೆಲ್ಲ ನಡುವಿನಲ್ಲಿರಲಿ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ನುಡಿಸಿ. ಜೋರಾದಾಗ ದನಿ ಕರ್ಕಶವಾಗುತ್ತದೆಯೇ ಕೇಳಿ.

3. ಯಾರೂ ನುಡಿಸದಿರುವಾಗ ಸ್ಪೀಕರಿನಲ್ಲಿ ‘ಸುಯ್’ ಎಂಬ ಸದ್ದು ಎಷ್ಟಿದೆ ಗಮನಿಸಿ. ಕೇಬಲ್ಲನ್ನು ಮೆಲ್ಲಗೆ ಅಲುಗಿಸಿ. ‘ಕರ್ ಕರ್’ ಎಂದರೆ ಜ್ಯಾಕ್ ಸಡಿಲ.

4. ಬ್ಯಾಟರಿ ಬದಲಿಸುವುದನ್ನು ನಿಮ್ಮಿಂದಲೇ ಮಾಡಿಸಲು ಹೇಳಿ. ವೇದಿಕೆಯ ಪಕ್ಕದ ಮಬ್ಬು ಬೆಳಕಿನಲ್ಲಿ ಅದು ಬೇಕಾಗುತ್ತದೆ.

ಪ್ರೀಆಂಪಿನ ಟ್ಯೂನರ್ ನೋಡಿ ಮರುಳಾಗಬೇಡಿ. ತಲೆಗೆ ಸಿಕ್ಕಿಸುವ ಪುಟ್ಟ ಟ್ಯೂನರ್, ಫೋನಿನ ಉಚಿತ ಆಪ್ ಎರಡೂ ಅದೇ ಕೆಲಸ ಮಾಡುತ್ತವೆ.

ಈಗ ಬೇಡ, ಮುಂದೆ ಬೇಕಾದರೆ?

ಪಿಕಪ್ ಇಲ್ಲದ ಗಿಟಾರ್ ಕೊಂಡರೆ ಬಾಗಿಲು ಮುಚ್ಚಿದಂತಲ್ಲ. ಹಲಗೆಗೆ ಅಂಟಿಸಿ ತೆಗೆಯಬಹುದಾದ ಪೀಜೋ ಪಿಕಪ್‌ಗಳು ಸಿಗುತ್ತವೆ. ಪಕ್ಕೆ ಕೊರೆಯದೆ, ಗಿಟಾರಿನ ಬುಡದಲ್ಲಿ ಸಣ್ಣ ರಂಧ್ರ ಮಾಡಿ ಜ್ಯಾಕ್ ಕೂರಿಸುವ ವಿಧಾನವೂ ಇದೆ, ಆದರೆ ಅದನ್ನು ಬಲ್ಲವರೇ ಮಾಡಬೇಕು. ಉದ್ದನೆಯ ಕೇಬಲ್ ಎಳೆದು ಮಿಕ್ಸರಿಗೆ ಕೊಡುವಾಗ ನಡುವೆ ಡಿ.ಐ. ಬಾಕ್ಸ್ ಇಟ್ಟರೆ ಸಂಕೇತ ಸೊರಗುವುದಿಲ್ಲ.

‘ಪಿಕಪ್ ಗಿಟಾರಿನಿಂದ ಶಾಕ್ ಹೊಡೆಯುತ್ತದೆ’ ಎಂಬ ಭಯವೂ ಇದೆ. 9 ವೋಲ್ಟಿನ ಬ್ಯಾಟರಿಯಿಂದ ಕೈಗೆ ಶಾಕ್ ಹೊಡೆಯುವುದಿಲ್ಲ. ಅಪಾಯ ಇರುವುದು ಗೋಡೆಯ ಪ್ಲಗ್ಗಿನಿಂದ ಓಡುವ ಆಂಪ್ಲಿಫೈಯರ್, ಮಿಕ್ಸರ್‌ಗಳಲ್ಲಿ. ಮೂರು ಪಿನ್ನಿನ ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿದು ಬಳಸುವುದು, ಅರ್ಥಿಂಗ್ ಇಲ್ಲದ ಶಾಮಿಯಾನದ ತಂತಿಗೆ ಸಿಕ್ಕಿಸುವುದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವುದು ಮಾರಕವಾಗಬಹುದು.

ಮನೆಗೆ ತಂದ ಮೇಲೆ

ಮರ ತೇವಾಂಶಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಗಿಟಾರಿಗೆ ಹಿತವೆನಿಸುವುದು ಶೇ. 45ರಿಂದ 55ರ ತೇವಾಂಶ. ಮಂಗಳೂರಿನ ಮಳೆಗಾಲ ಅದಕ್ಕಿಂತ ಬಹಳ ಮೇಲೆ, ಕಲಬುರಗಿಯ ಬೇಸಿಗೆ ಬಹಳ ಕೆಳಗೆ. ಗೋಡೆಗೆ ತೂಗುಹಾಕುವ ಬದಲು ಚೀಲದಲ್ಲೋ ಪೆಟ್ಟಿಗೆಯಲ್ಲೋ ಮುಚ್ಚಿಡಿ. ಮಳೆಗಾಲದಲ್ಲಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬೇಸಿಗೆಯಲ್ಲಿ ತೆಗೆಯಿರಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಲೇಬೇಡಿ, ಅಂಟು ಸಡಿಲಗೊಳ್ಳುತ್ತದೆ.

ಬಹಳಷ್ಟು ಗಿಟಾರುಗಳಲ್ಲಿ ಕೇಬಲ್ ಸಿಕ್ಕಿಸಿದೊಡನೆ ಪ್ರೀಆಂಪ್ ಚಾಲೂ ಆಗುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲ್ ಎಳೆಯದಿದ್ದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸೊರಗಿರಬಹುದು. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ, ಅದು ಸೋರಿದರೆ ಪ್ರೀಆಂಪ್ ಹಾಳು.

ಕೊನೆಗೆ ಏನು ತೀರ್ಮಾನ?

- ಹೊಸದಾಗಿ ಕಲಿಯುವವರು, ಗ್ರೇಡ್ ಪರೀಕ್ಷೆಗೆ ಸಿದ್ಧರಾಗುವವರು: ಪಿಕಪ್ ಬೇಡ. ಪರೀಕ್ಷಕರು ಕೇಳುವುದು ಕೋಣೆಯಲ್ಲಿ, ಎದುರಿಗೆ ಕೂತು.
- ಮನೆಯಲ್ಲಿ ವಿಡಿಯೋ ಮಾಡುವವರು: ಪಿಕಪ್ ಬದಲು ಮೈಕಿಗೆ ಖರ್ಚು ಮಾಡಿ.
- ವರ್ಷಕ್ಕೊಮ್ಮೆ ಶಾಲಾ ವಾರ್ಷಿಕೋತ್ಸವದಲ್ಲಿ ನುಡಿಸುವವರು: ಒಂದು ಸ್ಟ್ಯಾಂಡಿನ ಮೈಕ್ ಅಥವಾ ಅಂಟಿಸುವ ಪಿಕಪ್ ಸಾಕು.
- ತಿಂಗಳಿಗೆ ಹಲವು ಬಾರಿ ತಂಡದ ಜೊತೆ ವೇದಿಕೆ ಏರುವವರು: ಸ್ಯಾಡಲ್ ಅಡಿಯಲ್ಲಿ ಪೀಜೋ ಮತ್ತು ಒಳ್ಳೆಯ ಪ್ರೀಆಂಪ್ ಇರುವುದನ್ನೇ ಕೊಳ್ಳಿ, ಆದರೆ ಹತ್ತು ನಿಮಿಷದ ಪರೀಕ್ಷೆ ತಪ್ಪಿಸಬೇಡಿ.

ಯಾರಾದರೂ ‘ಪಿಕಪ್ ಇರೋದನ್ನೇ ತಗೊಳ್ಳಿ’ ಎಂದರೆ ತಿರುಗಿ ಒಂದೇ ಪ್ರಶ್ನೆ ಕೇಳಿ: ‘ಅದರ ಕೇಬಲ್ಲನ್ನು ನಾವು ಎಲ್ಲಿಗೆ ಸಿಕ್ಕಿಸುತ್ತೇವೆ?’ ಉತ್ತರ ಇಲ್ಲದಿದ್ದರೆ ಆ ದುಡ್ಡು ಹಲಗೆಗೆ ಹೋಗಲಿ. ಗಿಟಾರ್ ಕೊಳ್ಳಲು ಹೊರಟಿರುವ ಗೆಳೆಯರು ನಿಮ್ಮ ಗುಂಪಿನಲ್ಲಿದ್ದರೆ ಅಂಗಡಿಗೆ ಹೋಗುವ ಮುನ್ನ ಇದನ್ನು ಅವರಿಗೆ ಕಳಿಸಿ. ಸ್ಟೀಲ್ ತಂತಿಯ ಮಾತನ್ನಂತೂ ತಪ್ಪದೆ ತಿಳಿಸಿ.